ತೋಳಮಾನವನ ಉಡುಪು

ಮನುಷ್ಯನು ತೋಳನಾಗುವ ಕಥೆಗೂ ಕಡಲಿನಿಂದ ಎದ್ದುಬರುವ ಚಂಡಮಾರುತಕ್ಕೂ ಎಲ್ಲಿಯ ಸಂಬಂಧವೆಂದು ಶ್ರೋತೃಗಳು ಕೇಳಬಹುದು. ಆದರೆ ಈ ಸಂಬಂಧ ಇಂದು ನಿನ್ನೆಯದಲ್ಲ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ಕವಿ ಓವಿಡ್ ತನ್ನ ‘ಮೆಟಮಾರ್ಫೊಸಿಸ್’ ಕಾವ್ಯದ ಮೊದಲನೆಯ ಭಾಗದಲ್ಲಿಯೇ ಇವೆರಡನ್ನೂ ಅಕ್ಕಪಕ್ಕದಲ್ಲಿ ಇರಿಸಿದ್ದಾನೆ. ಲೈಕೇಯಾನ್ ಎಂಬ ಅರಸ ತನ್ನ ಮನೆಗೆ ಅತಿಥಿಯಾಗಿ ಬಂದ ದೇವರಾಜ ಜೂಪಿಟರನಿಗೆ ನರಮಾಂಸವನ್ನು ಬಡಿಸಲು ಹೋಗಿ, ಅದಕ್ಕೆ ಶಿಕ್ಷೆಯಾಗಿ ತೋಳನಾಗುತ್ತಾನೆ. ಉಟ್ಟ ವಸ್ತ್ರ ರೋಮವಾಗುತ್ತದೆ; ತೋಳುಗಳು ಕಾಲುಗಳಾಗುತ್ತವೆ; ನರೆತ ಕೂದಲು ಮತ್ತು ಉರಿಯುವ ಕಣ್ಣು ಮಾತ್ರ ಹಾಗೆಯೇ ಉಳಿಯುತ್ತವೆ. ಅಷ್ಟಕ್ಕೆ ಜೂಪಿಟರನ ಕೋಪ ತಣಿಯುವುದಿಲ್ಲ. ಅವನು ಬಡಗಣ ಗಾಳಿಯನ್ನು ಗುಹೆಯಲ್ಲಿ ಕೂಡಿಹಾಕಿ, ನೆನೆದ ರೆಕ್ಕೆಗಳ ತೆಂಕಣ ಗಾಳಿಯನ್ನು ಬಿಟ್ಟುಬಿಡುತ್ತಾನೆ. ಆಕಾಶ ಕಳಚಿ ಬೀಳುತ್ತದೆ, ನದಿಗಳು ಉಕ್ಕುತ್ತವೆ, ಊರು ಮುಳುಗುತ್ತದೆ. ಆ ನೀರಿನಲ್ಲಿ ಕುರಿಗಳ ನಡುವೆ ತೋಳವೂ ಈಜುತ್ತದೆ. ಎಲ್ಲ ಮುಗಿದ ಮೇಲೆ ಉಳಿಯುವವರು ಗಂಡಹೆಂಡಿರಿಬ್ಬರೇ. ಮೊದಲು ತೋಳ, ಅನಂತರ ಪ್ರಳಯ, ಆಮೇಲೆ ದಂಪತಿ: ಈ ಮೂರರ ಕ್ರಮವನ್ನು ಮನಸ್ಸಿನಲ್ಲಿಟ್ಟುಕೊಂಡರೆ ನಾನು ಇಂದು ಹೇಳಹೊರಟಿರುವುದಕ್ಕೆ ಪೀಠಿಕೆ ದೊರೆತಂತಾಯಿತು.

ತೋಳಮಾನವನಿಗೆ ಇಂಗ್ಲಿಷಿನಲ್ಲಿ ‘ವೆರ್‌ವುಲ್ಫ್’ ಎಂದು ಹೆಸರು. ಹಳೆಯ ಇಂಗ್ಲಿಷಿನಲ್ಲಿ ‘ವೆರ್’ ಎಂದರೆ ಗಂಡಸು. ಲ್ಯಾಟಿನ್ನಿನ ‘ವಿರ್’, ಸಂಸ್ಕೃತದ ‘ವೀರ’ ಎಂಬ ಶಬ್ದಗಳು ಅದರ ಒಡಹುಟ್ಟುಗಳು. ಫ್ರೆಂಚರು ಇವನನ್ನು ‘ಲೂ ಗರೂ’ ಎನ್ನುತ್ತಾರೆ. ‘ಲೂ’ ಎಂದರೆ ತೋಳ. ‘ಗರೂ’ ಎಂದರೆ ಜರ್ಮಾನಿಕ್ ಮೂಲದಿಂದ ಬಂದ ಅದೇ ತೋಳಮಾನವ. ನಮ್ಮ ‘ಗೇಟುಬಾಗಿಲು’ ಇದ್ದ ಹಾಗೆ, ತೋಳವನ್ನು ಎರಡು ಸಲ ಹೇಳಿದಂತಾಯಿತು. ಇನ್ನು ‘ಹರಿಕೇನ್’ ಎಂಬ ಶಬ್ದ ಕೆರಿಬಿಯನ್ ದ್ವೀಪಗಳ ಮೂಲನಿವಾಸಿಗಳಾದ ತೈನೋ ಜನರದು; ಸ್ಪೇನಿನವರ ಬಾಯಿಂದ ಅದು ಲೋಕಕ್ಕೆಲ್ಲ ಹರಡಿತು. ನರಸಿಂಹನನ್ನು ಬಲ್ಲ ನಮಗೆ ಮನುಷ್ಯ ಮತ್ತು ಮೃಗಗಳ ಸಂಧಿ ಹೊಸತಲ್ಲ. ಆದರೆ ನರಸಿಂಹನು ಏಕಕಾಲದಲ್ಲಿ ಎರಡೂ ಹೌದು, ಮತ್ತು ತನ್ನ ಸಂಕಲ್ಪದಿಂದಲೇ ಹೌದು. ತೋಳಮಾನವನ ಪಾಡು ಬೇರೆ. ಅವನು ಕೆಲವು ದಿನ ಮನುಷ್ಯ, ಕೆಲವು ದಿನ ಮೃಗ. ಈ ಬದಲಾವಣೆಗೆ ಅವನ ಒಪ್ಪಿಗೆಯನ್ನು ಯಾರೂ ಕೇಳುವುದಿಲ್ಲ. ಅವನ ಕಥೆಯ ತಿರುಳೆಲ್ಲ ಈ ಒಪ್ಪಿಗೆಯಿಲ್ಲದ ಬದಲಾವಣೆಯಲ್ಲಿಯೇ ಇದೆ.

ಇಂಗ್ಲಿಷ್ ಪುಸ್ತಕಗಳ ಅಂಗಡಿಗಳಲ್ಲಿ ಇಂದು ತೋಳಮಾನವರ ಪ್ರೇಮಕಥೆಗಳಿಗೆಂದೇ ಕಪಾಟುಗಳಿವೆ. ಬರೆಯುವವರಲ್ಲಿಯೂ ಓದುವವರಲ್ಲಿಯೂ ಹೆಂಗಸರೇ ಹೆಚ್ಚು. ವಿದ್ವಾಂಸರಾದವರು ಈ ಕಪಾಟಿನ ಮುಂದೆ ನಿಲ್ಲಲು ಸಂಕೋಚಪಡುತ್ತಾರೆ. ಹುಣ್ಣಿಮೆ, ಕಾಡು, ಊಳಿಡುವ ನಾಯಕ, ಅಂಜದ ನಾಯಕಿ: ಇದರಲ್ಲಿ ಸಾಹಿತ್ಯವೆಲ್ಲಿ ಎಂಬ ಪ್ರಶ್ನೆ ಸಹಜವೇ. ಆದರೆ ಇದಕ್ಕಿಂತ ಕಠಿಣವಾದ ಇನ್ನೊಂದು ಪ್ರಶ್ನೆಯಿದೆ. ಮನೆಯ ಮಾಡು ಹಾರಿಹೋದವರು, ಗೋಡೆಯ ಮೇಲೆ ನೀರು ನಿಂತ ಗೆರೆಯನ್ನು ದಿನವೂ ನೋಡುತ್ತಿರುವವರು, ಇಂಥ ಕಥೆಯನ್ನು ಓದಿದರೆ, ಅಥವಾ ತಾವೇ ಬರೆಯಕುಳಿತರೆ, ಅದನ್ನು ಏನೆನ್ನಬೇಕು? ಬದುಕಿನಿಂದ ತಪ್ಪಿಸಿಕೊಂಡು ಓಡುವುದೆನ್ನಬೇಕೇ? ಹಾಗೆನ್ನಲು ನನಗೆ ಮನಸ್ಸಿಲ್ಲ. ಏಕೆಂದರೆ ತೋಳಮಾನವನ ಕಥೆಯೂ ಚಂಡಮಾರುತವೂ ಒಂದೇ ನೆಲದಲ್ಲಿ ಬೇರುಬಿಟ್ಟಿರುವ ಪ್ರದೇಶವೊಂದು ಈ ಭೂಮಿಯ ಮೇಲಿದೆ. ಅದು ಅಮೆರಿಕದ ದಕ್ಷಿಣದಲ್ಲಿ, ಮೆಕ್ಸಿಕೋ ಕೊಲ್ಲಿಯ ದಂಡೆಯಲ್ಲಿರುವ ಲೂಸಿಯಾನ.

1755ರಲ್ಲಿ ಬ್ರಿಟಿಷರು ಕೆನಡಾದ ಪೂರ್ವ ತೀರದ ಅಕೇಡಿಯಾ ಎಂಬ ಪ್ರಾಂತದಿಂದ ಫ್ರೆಂಚ್ ಮಾತನಾಡುವ ರೈತರನ್ನು ಹಡಗುಗಳಿಗೆ ತುಂಬಿ ಹೊರಹಾಕತೊಡಗಿದರು. ದಿಕ್ಕುದಿಕ್ಕಿಗೆ ಚೆದುರಿದ ಆ ಜನರಲ್ಲಿ ಅನೇಕರು ಮುಂದೆ ಲೂಸಿಯಾನದ ಜೌಗುನೆಲಕ್ಕೆ ಬಂದು ನೆಲೆಸಿದರು. ಇಂದು ‘ಕೇಜನ್’ ಎಂದು ಕರೆಯಿಸಿಕೊಳ್ಳುವವರು ಅವರ ವಂಶದವರೇ. ಫ್ರೆಂಚರ ಹಳೆಯ ‘ಲೂ ಗರೂ’ ಆ ಜೌಗಿನಲ್ಲಿ ನಾಲಗೆ ತಿರುಚಿಕೊಂಡು ‘ರೂಗರೂ’ ಆಯಿತು. ಈ ರೂಗರೂ ಬರಿಯ ಗುಮ್ಮನಲ್ಲ. ಶಾಪಕ್ಕೆ ಸಿಕ್ಕಿದ ನೆರೆಮನೆಯವನು. ಅವನ ಮೈಯಿಂದ ಒಂದು ಹನಿ ರಕ್ತ ಬರಿಸಿದರೆ ಅವನು ಮನುಷ್ಯನಾಗಿ ಎದುರಿಗೆ ನಿಲ್ಲುತ್ತಾನೆ, ತನ್ನ ಗುಟ್ಟನ್ನು ಯಾರಿಗೂ ಹೇಳಬೇಡವೆಂದು ಬೇಡಿಕೊಳ್ಳುತ್ತಾನೆ. ಒಂದು ವರ್ಷ ಮತ್ತು ಒಂದು ದಿನ ಬಾಯಿ ಬಿಡಬಾರದು ಎಂಬುದು ಕಥೆಯ ಒಂದು ಪಾಠ. ನೂರ ಒಂದು ದಿನ ಎಂಬುದು ಮತ್ತೊಂದು. ಅವಧಿಗೆ ಮೊದಲೇ ಹೇಳಿದವನಿಗೆ ಶಾಪ ಅಂಟಿಕೊಳ್ಳುತ್ತದೆ. ರೂಗರೂವನ್ನು ಮನೆಯ ಹೊಸ್ತಿಲಲ್ಲೇ ತಡೆಯುವ ಉಪಾಯವೂ ಉಂಟು: ಅಲ್ಲಿ ಹದಿಮೂರು ಸಣ್ಣ ವಸ್ತುಗಳನ್ನು ಇಡಬೇಕು. ಅವನಿಗೆ ಹನ್ನೆರಡರ ಆಚೆಗೆ ಎಣಿಸಲು ಬಾರದು. ಎಣಿಸಿ, ತಪ್ಪಿ, ಮತ್ತೆ ಮೊದಲಿನಿಂದ ಎಣಿಸುತ್ತ ಬೆಳಗಾಗುತ್ತದೆ. ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದು ದೆವ್ವವನ್ನು ದಿನವೂ ಹಿಂದಕ್ಕೆ ಕಳುಹಿಸಿದ ನಮ್ಮವರಿಗೆ ಈ ಉಪಾಯದ ರುಚಿ ತಿಳಿಯದಿರದು. ಭಯವನ್ನು ಓಡಿಸಲಾಗದಿದ್ದರೆ ಅದನ್ನು ಹೊಸ್ತಿಲಲ್ಲಿ ಕೂರಿಸಿ ಕೆಲಸಕ್ಕೆ ಹಚ್ಚುವುದು ಎಲ್ಲ ಸೀಮೆಗಳ ಬಡವರ ಜಾಣತನ.

ಆದರೆ ಈ ತೀರಕ್ಕೆ ಬರುವ ಇನ್ನೊಬ್ಬ ಅತಿಥಿಗೆ ಹೊಸ್ತಿಲ ಲೆಕ್ಕವಿಲ್ಲ. 1856ರ ಆಗಸ್ಟ್ 10ರಂದು ‘ಕೊನೆಯ ದ್ವೀಪ’ವೆಂಬ ಹೆಸರಿನ ವಿಹಾರಸ್ಥಳವೊಂದು ಬಿರುಗಾಳಿಗೆ ಸಿಕ್ಕಿ ಸುಮಾರು ಇನ್ನೂರು ಜನ ಸತ್ತರು, ಹೋಟೆಲು, ಮನೆಗಳೊಂದಿಗೆ ದ್ವೀಪವೇ ಚೂರಾಯಿತು. 1957ರ ಜೂನ್ ತಿಂಗಳಲ್ಲಿ ಬಂದ ‘ಆಡ್ರಿ’ ಚಂಡಮಾರುತ ಕ್ಯಾಮರಾನ್ ಎಂಬ ಪ್ರದೇಶದಲ್ಲಿ ನಾಲ್ಕುನೂರಕ್ಕೂ ಹೆಚ್ಚು ಜನರನ್ನು ಕೊಂದಿತು. 2005ರ ಆಗಸ್ಟ್ 29ರಂದು ‘ಕತ್ರೀನಾ’ ಬಂದಾಗ ನ್ಯೂ ಆರ್ಲಿಯನ್ಸ್ ನಗರವನ್ನು ಕಾಯಬೇಕಾಗಿದ್ದ ಏರಿಗಳು ಒಡೆದು, ನಗರದ ನೂರಕ್ಕೆ ಎಂಬತ್ತು ಭಾಗ ನೀರಿನಲ್ಲಿ ನಿಂತಿತು. ಈಚೆಗೆ ಪರಿಷ್ಕರಿಸಿದ ಲೆಕ್ಕದಂತೆಯೇ ಸತ್ತವರು ಸುಮಾರು 1,400 ಮಂದಿ. ಹದಿನಾರು ವರ್ಷಗಳ ಅನಂತರ, 2021ರಲ್ಲಿ, ಅದೇ ಆಗಸ್ಟ್ 29ರಂದು ಗಂಟೆಗೆ 240 ಕಿಲೋಮೀಟರ್ ವೇಗದ ಗಾಳಿಯೊಂದಿಗೆ ‘ಐಡಾ’ ಬಂದಿತು. ಗಾಳಿ ಬಂದುಹೋಗುವುದು ಒಂದು ಕಡೆಯಾದರೆ, ನೆಲ ಕರಗುತ್ತಿರುವುದು ಇನ್ನೊಂದು ಕಡೆ. 1932ರಿಂದ ಈಚೆಗೆ ಈ ತೀರ ಕಳೆದುಕೊಂಡ ನೆಲ ಐದು ಸಾವಿರ ಚದರ ಕಿಲೋಮೀಟರುಗಳಿಗೆ ಸಮೀಪ. ಈ ಪ್ರದೇಶದ ನಿಜವಾದ ತೋಳವೂ ಈಗ ಇಲ್ಲ. ಕೆಂಪು ತೋಳವೆಂಬ ಆ ಜಾತಿಯ ಕೊನೆಯ ಪ್ರಾಣಿಗಳನ್ನು ಲೂಸಿಯಾನ ಮತ್ತು ಟೆಕ್ಸಾಸಿನ ಕಡಲಂಚಿನಿಂದ ಹಿಡಿದು ತಂದು ಸಾಕಿದರು. 1980ರಲ್ಲಿ ಅದು ಕಾಡಿನಿಂದ ಅಳಿದುಹೋಯಿತೆಂದು ಘೋಷಿಸಿದರು. ಹದಿನಾಲ್ಕು ತೋಳಗಳಿಂದ ಆ ಕುಲ ಮತ್ತೆ ಬೆಳೆಯಬೇಕಾಯಿತು. ತೋಳವಿಲ್ಲದ ಜೌಗಿನಲ್ಲಿ ತೋಳಮಾನವ ಮಾತ್ರ ಉಳಿದ. ಹೂಮಾ ಎಂಬ ಊರಿನಲ್ಲಿ 2012ರಲ್ಲಿ ಅವನ ಹೆಸರಿನಲ್ಲಿ ಒಂದು ಉತ್ಸವವೇ ಹುಟ್ಟಿಕೊಂಡಿತು. ಅದರ ಗಳಿಕೆ ಹೋದದ್ದು ಕರಗುತ್ತಿರುವ ಜೌಗುನೆಲದ ವಿಷಯವನ್ನು ಜನರಿಗೆ ತಿಳಿಸಿಕೊಡುವ ಕೇಂದ್ರವೊಂದಕ್ಕೆ.

ಚಂಡಮಾರುತದ ದಿನವನ್ನು ಪತ್ರಿಕೆಗಳು ಬಣ್ಣಿಸುತ್ತವೆ. ಅದರ ಮರುದಿನವನ್ನು, ಮರುತಿಂಗಳನ್ನು, ಮೂರನೆಯ ವರ್ಷವನ್ನು ಬಣ್ಣಿಸುವವರು ಕಡಿಮೆ. ಕತ್ರೀನಾದ ಅನಂತರ ನ್ಯೂ ಆರ್ಲಿಯನ್ಸಿನ ಮನೆಮನೆಯ ಮುಂಗೋಡೆಯ ಮೇಲೂ ಶೋಧಕರು ಬಣ್ಣದಿಂದ ದೊಡ್ಡ ಕತ್ತರಿಗೆರೆಯೊಂದನ್ನು ಎಳೆದಿದ್ದರು. ಅದರ ಮೇಲಿನ ಮೂಲೆಯಲ್ಲಿ ತಾರೀಖು, ಎಡಕ್ಕೆ ಬಂದ ತಂಡದ ಗುರುತು, ಬಲಕ್ಕೆ ಒಳಗಿರುವ ಅಪಾಯ, ಕೆಳಗೆ ಸಿಕ್ಕಿದ ಜೀವಗಳ ಮತ್ತು ಹೆಣಗಳ ಸಂಖ್ಯೆ. ಮನೆಯವರು ಹಿಂದಿರುಗಿದಾಗ ಅವರ ಮನೆಯ ಚರಿತ್ರೆಯನ್ನು ಅಪರಿಚಿತರು ನಾಲ್ಕು ಮೂಲೆಗಳಲ್ಲಿ ಬರೆದಿಟ್ಟಿದ್ದರು. ವಿದ್ಯುತ್ತಿಲ್ಲದೆ ಒಳಗಿನದೆಲ್ಲ ಕೊಳೆತ ತಂಗಳುಪೆಟ್ಟಿಗೆಗಳನ್ನು ಅಂಟುಪಟ್ಟಿಯಿಂದ ಬಿಗಿದು ಬೀದಿಯ ಅಂಚಿಗೆ ತಂದಿಟ್ಟರು. ಕೆಲವರು ಅವುಗಳ ಬಾಗಿಲ ಮೇಲೆ ವಿನೋದದ ಮಾತುಗಳನ್ನು ಬರೆದರು. ಹಾರಿದ ಮಾಡುಗಳಿಗೆ ಸರ್ಕಾರದವರು ನೀಲಿ ಹಾಳೆ ಹೊದಿಸಿದರು. ಆಮೇಲೆ ಅರ್ಜಿಗಳು, ವಿಮೆಯವರ ಪ್ರಶ್ನೆಗಳು, ಸಾಲುಗಳು. ಇದೇ ಕಥೆಯನ್ನು ಹತ್ತು ಮೇಜುಗಳ ಮುಂದೆ ಹತ್ತು ಸಲ ಹೇಳಬೇಕು. ವಿಚಿತ್ರವೆಂದರೆ, ಅನೇಕರು ಆ ಕತ್ತರಿಗೆರೆಯನ್ನು ವರ್ಷಗಟ್ಟಲೆ ಅಳಿಸಲಿಲ್ಲ; ಕೆಲವರು ಅದನ್ನೇ ಲೋಹದಲ್ಲಿ ಮಾಡಿಸಿ ಗೋಡೆಗೆ ತೂಗುಹಾಕಿದರು. ಪರರು ಬರೆದ ಗುರುತನ್ನು ತಮ್ಮದಾಗಿ ಮಾಡಿಕೊಳ್ಳುವವರೆಗೆ ಮನಸ್ಸಿಗೆ ನೆಮ್ಮದಿಯಿಲ್ಲ. ಮನೆ ಬದಲಾದಂತೆ ಮನೆಯವರೂ ಬದಲಾಗಿರುತ್ತಾರೆ. ಮಳೆಯ ಸದ್ದಿಗೆ ಬೆಚ್ಚುವ ಗಂಡ, ಮಾತು ನಿಂತ ಮಗಳು, ಸಣ್ಣ ಮಾತಿಗೂ ಎಗರಿಬೀಳುವ ತಂದೆ: ಇವರು ತಮ್ಮವರೇ ಹೌದು, ಆದರೂ ಹಿಂದಿನವರಲ್ಲ. ಇವರನ್ನು ಹೇಗೆ ಪ್ರೀತಿಸಬೇಕು?

ಈ ಪ್ರಶ್ನೆಗೆ ಹನ್ನೆರಡನೆಯ ಶತಮಾನದಲ್ಲಿಯೇ ಒಬ್ಬ ಹೆಂಗಸು ಉತ್ತರ ಬರೆದಿದ್ದಾಳೆ. ಮರೀ ದ ಫ್ರಾನ್ಸ್ ಎಂದು ಸಾಹಿತ್ಯಚರಿತ್ರೆ ಕರೆಯುವ ಆಕೆ ಫ್ರೆಂಚಿನಲ್ಲಿ ರಚಿಸಿದ ಹನ್ನೆರಡು ಕಥನಕವನಗಳಲ್ಲಿ ‘ಬಿಸ್‌ಕ್ಲಾವ್ರೆ’ ಒಂದು. ಅದು ತೋಳಮಾನವನ ಕಥೆ. ಬ್ರಿಟನಿಯ ಸಾಮಂತನೊಬ್ಬ ವಾರದಲ್ಲಿ ಮೂರು ದಿನ ಮನೆಯಿಂದ ಕಾಣೆಯಾಗುತ್ತಾನೆ. ಹೆಂಡತಿ ಒತ್ತಾಯಿಸಿ ಕೇಳುತ್ತಾಳೆ; ತಾನು ಆ ದಿನಗಳಲ್ಲಿ ತೋಳನಾಗಿ ಕಾಡಿನಲ್ಲಿ ಅಲೆಯುವೆನೆಂದು ಹೇಳಿಬಿಡುತ್ತಾನೆ. ಬಟ್ಟೆ ಎಲ್ಲಿಡುವೆ ಎಂಬುದು ಅವಳ ಮುಂದಿನ ಪ್ರಶ್ನೆ. ಹಳೆಯ ಪ್ರಾರ್ಥನಾಮಂದಿರದ ಬಳಿ ಪೊಳ್ಳುಗಲ್ಲೊಂದರಲ್ಲಿ ಇಡುತ್ತೇನೆ, ಅದು ಕಳೆದರೆ ನಾನು ತೋಳನಾಗಿಯೇ ಉಳಿಯಬೇಕು ಎನ್ನುತ್ತಾನೆ. ಅವಳು ತನ್ನನ್ನು ಬಯಸುತ್ತಿದ್ದ ಇನ್ನೊಬ್ಬನಿಂದ ಆ ಬಟ್ಟೆಯನ್ನು ಕದಿಸುತ್ತಾಳೆ; ಅವನನ್ನೇ ಮದುವೆಯಾಗುತ್ತಾಳೆ. ವರ್ಷ ಕಳೆದ ಮೇಲೆ ರಾಜ ಬೇಟೆಗೆ ಬರುತ್ತಾನೆ. ನಾಯಿಗಳು ಅಟ್ಟಿಸಿಕೊಂಡು ಬಂದ ತೋಳ ಓಡಿಬಂದು ರಾಜನ ಪಾದಕ್ಕೆ ಮುತ್ತಿಡುತ್ತದೆ. ರಾಜ ಬೇಟೆಯನ್ನು ನಿಲ್ಲಿಸಿ ಅದನ್ನು ಅರಮನೆಗೆ ಕರೆತರುತ್ತಾನೆ. ಎಲ್ಲರೊಂದಿಗೂ ಸೌಮ್ಯವಾಗಿರುವ ತೋಳ ಇಬ್ಬರ ಮೇಲೆ ಮಾತ್ರ ಎರಗುತ್ತದೆ: ಮೊದಲು ಹೆಂಡತಿಯ ಹೊಸ ಗಂಡನ ಮೇಲೆ, ಆಮೇಲೆ ಹೆಂಡತಿಯ ಮೇಲೆ. ಅವಳ ಮೂಗನ್ನು ಕಚ್ಚಿ ತೆಗೆಯುತ್ತದೆ. ಸಭೆಯಲ್ಲಿದ್ದ ವಿವೇಕಿಯೊಬ್ಬ ಇದರಲ್ಲೇನೋ ಕಾರಣವಿದೆಯೆನ್ನುತ್ತಾನೆ, ಹೆಂಡತಿ ಒಪ್ಪಿಕೊಳ್ಳುತ್ತಾಳೆ, ಬಟ್ಟೆ ಹಿಂದಕ್ಕೆ ಬರುತ್ತದೆ.

ಕಥೆ ಇಲ್ಲಿಗೆ ಮುಗಿಯಬಹುದಾಗಿತ್ತು. ಮರೀ ಮುಗಿಸುವುದಿಲ್ಲ. ಬಟ್ಟೆಯನ್ನು ಎಲ್ಲರೆದುರು ಮುಂದಿಟ್ಟಾಗ ತೋಳ ಅದರತ್ತ ನೋಡುವುದೂ ಇಲ್ಲ. ಆಗ ಅದೇ ವಿವೇಕಿ ಹೇಳುತ್ತಾನೆ: ಇವನಿಗೆ ನಾಚಿಕೆಯಾಗುತ್ತಿದೆ, ಎಲ್ಲರ ಕಣ್ಣೆದುರಿಗೆ ಇವನು ಮನುಷ್ಯನಾಗಲಾರ, ಬಟ್ಟೆಯೊಂದಿಗೆ ಇವನನ್ನು ಒಳಕೋಣೆಯಲ್ಲಿ ಬಿಟ್ಟು ನಾವು ಹೊರಗಿರೋಣ. ರಾಜ ಹಾಗೆಯೇ ಮಾಡಿ ಬಾಗಿಲು ಮುಚ್ಚುತ್ತಾನೆ. ಸ್ವಲ್ಪ ಹೊತ್ತಿನ ಮೇಲೆ ಒಳಗೆ ಹೋದರೆ, ರಾಜನ ಹಾಸಿಗೆಯ ಮೇಲೆ ಸಾಮಂತ ನಿದ್ರಿಸುತ್ತಿದ್ದಾನೆ. ರಾಜ ಓಡಿಹೋಗಿ ಅವನನ್ನು ಅಪ್ಪಿಕೊಳ್ಳುತ್ತಾನೆ.

ಒಂದು ಉಡುಪು, ಒಂದು ಮುಚ್ಚಿದ ಬಾಗಿಲು, ಹೊರಗೆ ಕಾಯುತ್ತಿರುವ ಒಬ್ಬ ಮನುಷ್ಯ: ಬದಲಾಗಿಹೋದವನು ಹಿಂದಿರುಗಲು ಬೇಕಾದುದು ಈ ಮೂರೇ. ಮನಶ್ಶಾಸ್ತ್ರಜ್ಞರು ಇದೇ ತೀರ್ಮಾನಕ್ಕೆ ಬರಲು ಬಹುಕಾಲ ಹಿಡಿಯಿತು. ದುರಂತವಾದ ಕೂಡಲೆ ಸಂತ್ರಸ್ತರನ್ನು ಕೂರಿಸಿಕೊಂಡು ನಡೆದುದನ್ನೆಲ್ಲ ಒಮ್ಮೆಗೇ ಹೇಳಿಸಿದರೆ ಮನಸ್ಸು ಹಗುರವಾಗುವುದೆಂದು ಹಿಂದೊಮ್ಮೆ ನಂಬಿದ್ದರು. ಪರೀಕ್ಷೆ ಮಾಡಿ ನೋಡಿದಾಗ ಅದರಿಂದ ಮುಂದಿನ ಮನೋವ್ಯಾಧಿ ತಪ್ಪಲಿಲ್ಲ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮೊದಲಾದವು ಕೂಡಿ ಹೊರತಂದ ಕೈಪಿಡಿ ಬೇರೆಯ ದಾರಿಯನ್ನು ಹೇಳುತ್ತದೆ: ನೋಡಿರಿ, ಕೇಳಿಸಿಕೊಳ್ಳಿರಿ, ಬೇಕಾದ ನೆರವಿನೊಂದಿಗೆ ಜೋಡಿಸಿರಿ, ಆದರೆ ಹೇಳೆಂದು ಒತ್ತಾಯಿಸಬೇಡಿರಿ. ರೂಗರೂವಿನ ಒಂದು ವರ್ಷ ಒಂದು ದಿನದ ಮೌನದಲ್ಲಿ ಜೌಗುನೆಲದ ಅಜ್ಜಿಯರು ಕಂಡಿದ್ದುದೂ ಇದನ್ನೇ ಇರಬೇಕು. ಕೆಲವು ಸಂಗತಿಗಳಿಗೆ ಅವಧಿಯುಂಟು. ಅವಧಿಗೆ ಮುಂಚೆ ಹೇಳಿಸಿದರೆ ಹೇಳಿದವನೇ ಗಾಯಗೊಳ್ಳುತ್ತಾನೆ.

ಹಾಗೆಂದು ಸದಾ ಬಾಯಿ ಮುಚ್ಚಿಕೊಂಡಿರುವುದೂ ಮದ್ದಲ್ಲ. 1986ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಜೇಮ್ಸ್ ಪೆನ್ನೆಬೇಕರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿಗಳನ್ನು ನಾಲ್ಕು ದಿನ, ದಿನಕ್ಕೆ ಹದಿನೈದು ನಿಮಿಷದಂತೆ, ತಮ್ಮ ಬಾಳಿನ ನೋವನ್ನು ಕುರಿತು ಬರೆಯಹಚ್ಚಿದರು. ಬರೆಯುವಾಗ ಅವರಿಗೆ ದುಃಖ ಹೆಚ್ಚಿತು. ಆದರೆ ನೋವಿನ ಘಟನೆಯನ್ನೂ ಅದರ ಭಾವವನ್ನೂ ಕೂಡಿಸಿ ಬರೆದವರು ಮುಂದಿನ ಆರು ತಿಂಗಳಲ್ಲಿ ವೈದ್ಯರ ಬಳಿಗೆ ಹೋದುದು ಉಳಿದವರಿಗಿಂತ ಕಡಿಮೆ. ಅನಂತರದ ಅನೇಕ ಅಧ್ಯಯನಗಳು ಈ ಲಾಭ ಸಣ್ಣದೆಂದೂ ಎಲ್ಲರಿಗೂ ಒಂದೇ ಸಮನಾಗಿ ದೊರೆಯದೆಂದೂ ತೋರಿಸಿವೆ. ಸಣ್ಣದಾದರೂ ಅದು ಲಾಭವೇ. ಇಲ್ಲಿಯೂ ಮುಚ್ಚಿದ ಬಾಗಿಲೊಂದಿದೆ ಎಂಬುದನ್ನು ಗಮನಿಸಬೇಕು: ಅವರು ಬರೆದದ್ದು ಸಭೆಗಲ್ಲ, ಕಾಗದಕ್ಕೆ. ಪ್ರೇಮಕಾದಂಬರಿಗಳನ್ನು ಓದುವ ಗೃಹಿಣಿಯರನ್ನು ಕುರಿತು 1984ರಲ್ಲಿ ಪುಸ್ತಕ ಬರೆದ ಜಾನಿಸ್ ರಾಡ್ವೇ ಅವರಿಗೂ ಇಂಥದೇ ಬಾಗಿಲು ಕಂಡಿತು. ಎಲ್ಲರ ಬೇಕುಬೇಡಗಳನ್ನು ನೋಡಿಕೊಳ್ಳುವ ಆ ಹೆಂಗಸರಿಗೆ ಪುಸ್ತಕವನ್ನು ಬಿಡಿಸಿ ಹಿಡಿಯುವುದೆಂದರೆ, ಈ ಒಂದು ಗಳಿಗೆ ನನ್ನದು ಎಂದು ಮನೆಯವರಿಗೆ ತಿಳಿಸುವುದಾಗಿತ್ತು.

ಆದರೆ ಬಿರುಗಾಳಿಯ ಕಥೆಯನ್ನೇ ನೇರವಾಗಿ ಬರೆಯಬಾರದೇಕೆ? ನಡುವೆ ತೋಳವೇಕೆ? ಬಿರುಗಾಳಿಗೆ ಮುಖವಿಲ್ಲದಿರುವುದೇ ಇದಕ್ಕೆ ಕಾರಣವೆಂದು ನನಗೆ ತೋರುತ್ತದೆ. ಅದಕ್ಕೆ ಹೆಸರಿಡುತ್ತಾರೆ ನಿಜ. ಅಟ್ಲಾಂಟಿಕ್ಕಿನ ಬಿರುಗಾಳಿಗಳಿಗೆ 1953ರಿಂದ ಹೆಂಗಸರ ಹೆಸರನ್ನೇ ಇಡುತ್ತಿದ್ದರು. 1979ರಿಂದ ಗಂಡಸರ ಹೆಸರೂ ಸೇರಿತು. ತೀರ ಕೇಡುಮಾಡಿದ ಗಾಳಿಯ ಹೆಸರನ್ನು ಪಟ್ಟಿಯಿಂದ ತೆಗೆದು ಇನ್ನೆಂದೂ ಬಳಸದೆ ಬಿಡುತ್ತಾರೆ. ಹೆಸರಿದ್ದೂ ಅದನ್ನು ಕರೆದು ಕೇಳುವಂತಿಲ್ಲ. ಅದಕ್ಕೆ ದ್ವೇಷವಿಲ್ಲ, ಪಶ್ಚಾತ್ತಾಪವಿಲ್ಲ. ಬೈದರೆ ಕೇಳದು, ಕ್ಷಮಿಸಿದರೆ ತಿಳಿಯದು. ತೋಳಮಾನವನಲ್ಲಿ ಅದೇ ಶಕ್ತಿಗೆ ಕಣ್ಣು ಬರುತ್ತದೆ. ಅವನಿಗೂ ಒಂದು ಕಾಲವುಂಟು. ಜೂನ್ ಒಂದರಿಂದ ನವೆಂಬರ್ ಮೂವತ್ತರವರೆಗೆ ಬಿರುಗಾಳಿಯ ಋತುವೆಂದು ಆ ತೀರದವರು ಪಂಚಾಂಗ ನೋಡುವಂತೆ, ಈ ಕಾದಂಬರಿಗಳ ನಾಯಕಿಯೂ ಹುಣ್ಣಿಮೆಯನ್ನು ಎಣಿಸುತ್ತಾಳೆ. ಮ್ಯಾಗಿ ಸ್ಟೀಫ್‌ವಾಟರ್ ಅವರ ‘ಶಿವರ್’ ಎಂಬ 2009ರ ಕಾದಂಬರಿಯಲ್ಲಿ ಹುಣ್ಣಿಮೆಗೂ ಸ್ಥಾನವಿಲ್ಲ. ಅಲ್ಲಿ ಚಳಿ ಬಂದರೆ ನಾಯಕ ತೋಳ, ಬಿಸಿಲು ಬಂದರೆ ಮನುಷ್ಯ. ಹವೆಯ ಮೇಲೆ ನಿಂತಿರುವ ಪ್ರೀತಿ! ಹವಾಮಾನದ ವರ್ತಮಾನವನ್ನು ಕಿವಿಗೊಟ್ಟು ಕೇಳಿ ಬದುಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಳೆಯ ಉಡುಪಿನ ಚಿಂತೆಯೂ ಹೊಸ ಕಥೆಗಳಲ್ಲಿ ತಪ್ಪಿಲ್ಲ. ಸ್ಟೆಫನಿ ಮೈಯರ್ ಅವರ ಕಾದಂಬರಿಮಾಲೆಯ ತೋಳಯುವಕರು ತಮ್ಮ ಬಟ್ಟೆಯನ್ನು ಕಾಲಿಗೆ ದಾರದಿಂದ ಕಟ್ಟಿಕೊಂಡೇ ಓಡುತ್ತಾರೆ. ನಗೆ ಬರುತ್ತದೆ, ಆದರೆ ಹಿಂದಿರುಗುವ ಭರವಸೆಯನ್ನು ಮೈಗೆ ಕಟ್ಟಿಕೊಂಡೇ ಹೊರಟವರ ಚಿತ್ರವದು.

ಈ ಕಥೆಗಳಲ್ಲಿ ಕಸವೂ ಸಾಕಷ್ಟಿದೆ ಎಂಬುದನ್ನು ಮರೆಮಾಚಬೇಕಾಗಿಲ್ಲ. ಹಲವು ಕಾದಂಬರಿಗಳಲ್ಲಿ ನಾಯಕನು ತೋಳಗಳ ಹಿಂಡಿಗೆ ‘ಆಲ್ಫಾ’, ಎಂದರೆ ಬಲದಿಂದ ಆಳುವ ಒಡೆಯ. ಅವನ ಒರಟುತನವೇ ಒಲವೆಂದು ನಂಬಿಸುವ ಲೇಖಕರಿದ್ದಾರೆ. ಈ ‘ಆಲ್ಫಾ’ನ ಕಲ್ಪನೆಗೆ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಮೃಗಾಲಯದ ತೋಳಗಳನ್ನು ನೋಡಿ ರುಡಾಲ್ಫ್ ಶೆಂಕೆಲ್ 1947ರಲ್ಲಿ ಪ್ರಕಟಿಸಿದ ಅಧ್ಯಯನವೇ ಮೂಲ. ಡೇವಿಡ್ ಮೆಕ್ ಎಂಬ ವಿಜ್ಞಾನಿಯ 1970ರ ಗ್ರಂಥ ಅದನ್ನು ಜನಪ್ರಿಯಗೊಳಿಸಿತು. ಕಾಡಿನ ತೋಳಗಳನ್ನು ವರ್ಷಗಟ್ಟಲೆ ನೋಡಿದ ಮೇಲೆ ಅದೇ ಮೆಕ್ 1999ರಲ್ಲಿ ಬೇರೆಯ ಮಾತು ಬರೆದರು: ಕಾಡಿನ ಹಿಂಡು ಸಾಮಾನ್ಯವಾಗಿ ಒಂದು ಕುಟುಂಬ, ಮುಂದಾಳುಗಳೆಂದರೆ ತಾಯಿತಂದೆಗಳೇ. ಸೆರೆಯಲ್ಲಿ ಕೂಡಿಹಾಕಿದ ಅಪರಿಚಿತ ತೋಳಗಳ ಕಚ್ಚಾಟವನ್ನು ಲೋಕ ತೋಳದ ಸ್ವಭಾವವೆಂದು ತಿಳಿದಿತ್ತು.

ಮನುಷ್ಯರ ವಿಷಯದಲ್ಲಿಯೂ ಹೀಗೆಯೇ ಆಯಿತು. ಕತ್ರೀನಾದ ದಿನಗಳಲ್ಲಿ ನ್ಯೂ ಆರ್ಲಿಯನ್ಸಿನ ಸೂಪರ್‌ಡೋಮ್ ಎಂಬ ಕ್ರೀಡಾಂಗಣದಲ್ಲಿ ಸಾವಿರಾರು ಜನ ಆಶ್ರಯ ಪಡೆದಿದ್ದರು. ಅವರಲ್ಲಿ ಹೆಚ್ಚಿನವರು ಬಡವರಾದ ಕಪ್ಪುಜನ. ಒಳಗೆ ಕೊಲೆ, ಅತ್ಯಾಚಾರಗಳು ಎಗ್ಗಿಲ್ಲದೆ ನಡೆದಿವೆಯೆಂದು ಅಧಿಕಾರಿಗಳೇ ಸುದ್ದಿ ಹಬ್ಬಿಸಿದರು, ಜಗತ್ತು ನಂಬಿತು. ಆಮೇಲೆ ನೋಡಿದರೆ ಆ ಸುದ್ದಿಗಳಲ್ಲಿ ಬಹುಪಾಲಿಗೆ ಆಧಾರವಿರಲಿಲ್ಲ. ಸೆಪ್ಟೆಂಬರ್ 4ರಂದು ಡ್ಯಾನ್ಜಿಗರ್ ಸೇತುವೆಯ ಮೇಲೆ ಪೊಲೀಸರು ನಿರಾಯುಧರ ಮೇಲೆ ಗುಂಡು ಹಾರಿಸಿ ಇಬ್ಬರನ್ನು ಕೊಂದರು, ನಾಲ್ವರನ್ನು ಗಾಯಗೊಳಿಸಿದರು. 2016ರಲ್ಲಿ ಐವರು ಮಾಜಿ ಪೊಲೀಸರು ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡರು. ಅದೇ ದಿನಗಳಲ್ಲಿ ಸಾಮಾನ್ಯ ಜನ ತಮ್ಮ ಮೀನುದೋಣಿಗಳನ್ನು ತಂದು ಮಾಡಿನ ಮೇಲೆ ಸಿಕ್ಕಿಕೊಂಡಿದ್ದವರನ್ನು ಇಳಿಸುತ್ತಿದ್ದರು. ವಿಪತ್ತಿನಲ್ಲಿ ಜನ ಮೃಗಗಳಾಗುವುದಕ್ಕಿಂತ ಒಬ್ಬರಿಗೊಬ್ಬರು ಒದಗುವುದೇ ಹೆಚ್ಚು ಎಂಬುದನ್ನು ಸಮಾಜವಿಜ್ಞಾನಿಗಳು ಅರ್ಧ ಶತಮಾನಕ್ಕೂ ಮೇಲ್ಪಟ್ಟು ತೋರಿಸುತ್ತ ಬಂದಿದ್ದಾರೆ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಬಹಿಷ್ಕೃತನಾದವನಿಗೆ ತೋಳದ ತಲೆ ಬಂದಿದೆ ಎನ್ನುತ್ತಿದ್ದರು; ಅವನನ್ನು ಯಾರು ಬೇಕಾದರೂ ಕೊಲ್ಲಬಹುದಾಗಿತ್ತು. ಮನುಷ್ಯನ ಮೇಲೆ ತೋಳದ ತಲೆಯನ್ನು ಇರಿಸುವುದು ಎಷ್ಟು ಸುಲಭ, ಮತ್ತು ಅದಕ್ಕೆ ಯಾರು ಪ್ರಾಣ ತೆರುತ್ತಾರೆ ಎಂಬುದು ಆ ಸೇತುವೆಯ ಮೇಲೆ ಕಂಡಿತು. ತೋಳಮಾನವನ ಒಳ್ಳೆಯ ಪ್ರೇಮಕಥೆ ಇದರ ವಿರುದ್ಧ ದಿಕ್ಕಿಗೆ ನಡೆಯುತ್ತದೆ. ಅದು ತೋಳದ ತಲೆಯ ಕೆಳಗೆ ಮನುಷ್ಯನನ್ನು ಹುಡುಕುತ್ತದೆ. 1200ರ ಸುಮಾರಿನ ‘ಗಿಯೋಮ್ ದ ಪಾಲೆರ್ನ್’ ಎಂಬ ಫ್ರೆಂಚ್ ಕಾವ್ಯದಲ್ಲಿ ಓಡಿಹೋದ ಪ್ರೇಮಿಗಳಿಬ್ಬರಿಗೆ ಕಾಡಿನಲ್ಲಿ ರೊಟ್ಟಿ, ಮಾಂಸ, ಮದ್ಯವನ್ನು ಕದ್ದು ತಂದುಕೊಡುವವನು ಒಬ್ಬ ತೋಳಮಾನವ. ಬಿರುಗಾಳಿಯ ಊರಿಗೆ ದೋಣಿ ತಂದವರ ಹಿರಿಯಣ್ಣ ಅವನು.

ಇನ್ನು ಮರೀಯ ಕಥೆಯ ಹೆಂಡತಿಯ ಮಾತು. ಮೂಗು ಕಳೆದುಕೊಂಡ ಹೆಣ್ಣಿನ ಕಥೆಯನ್ನು ಶೂರ್ಪಣಖಿಯ ನಾಡಿನವರಾದ ನಾವು ಬಲ್ಲೆವು. ಅಲ್ಲಿ ನ್ಯಾಯವೆಷ್ಟು ಎಂದು ಕೇಳುವುದನ್ನೂ ಈಗ ಕಲಿತಿದ್ದೇವೆ. ಮಗ್ಗುಲಲ್ಲಿ ಮಲಗುವವನು ತೋಳನೆಂದು ತಿಳಿದಾಗ ಹೆಣ್ಣು ಹೆದರಿದ್ದು ಅಪರಾಧವಲ್ಲ. ಬಿಟ್ಟುಹೋಗಿದ್ದರೂ ಅಪರಾಧವಾಗುತ್ತಿರಲಿಲ್ಲ. ಬಿರುಗಾಳಿಯ ಅನಂತರ ಊರು ಬಿಟ್ಟವರನ್ನು ಯಾರೂ ದೂರಬಾರದು. ಒಡೆದ ಮನೆಯಲ್ಲಿ ಹೊಡೆಯುವ ಗಂಡನನ್ನು ಸಹಿಸಿಕೊಂಡಿರೆಂದು ಯಾವ ಕಥೆಯೂ ಹೇಳಬಾರದು. ಅವಳ ಅಪರಾಧ ಒಂದೇ: ಉಡುಪನ್ನು ಕದಿಸಿದ್ದು, ಹಿಂದಿರುಗುವ ದಾರಿಯನ್ನು ಮುಚ್ಚಿದ್ದು. ಇಂದು ತೋಳಮಾನವನ ಕಥೆ ಬರೆಯುವ ಹೆಂಗಸರು ಎಂಟುನೂರು ವರ್ಷಗಳ ಅನಂತರ ಅವಳಿಗೆ ಮಾತು ಕೊಡುತ್ತಿದ್ದಾರೆ. ಹೆದರಿಕೆಯನ್ನು ಬಚ್ಚಿಡದೆ, ಹೊರಗೆ ನಿಂತು ಕಾಯಲೂ ಬಹುದು, ಕಾಯದಿರಲೂ ಬಹುದು ಎಂಬ ಆಯ್ಕೆಯನ್ನು ಅವಳ ಕೈಗೆ ಕೊಡುತ್ತಿದ್ದಾರೆ.

ಪ್ರೇಮಕಾದಂಬರಿ ಸುಖಾಂತವಾಗಬೇಕೆಂಬುದು ಆ ಪ್ರಕಾರದ ಕಟ್ಟಳೆ. ಸಂಸ್ಕೃತ ನಾಟಕದ ಬೆಳಕಿನಲ್ಲಿ ಬೆಳೆದ ನಮಗೆ ಇದು ಕೊರತೆಯಾಗಿ ಕಾಣಬೇಕಾಗಿಲ್ಲ. ಸುಖಾಂತವೆಂದರೆ ಏನೂ ನಡೆಯಲಿಲ್ಲವೆಂದಲ್ಲ. ತೋಳಮಾನವನ ಪ್ರೇಮಕಥೆಯಲ್ಲಿ ಶಾಪ ಅನೇಕ ವೇಳೆ ಕೊನೆಯವರೆಗೂ ಹೋಗುವುದಿಲ್ಲ. ಹುಣ್ಣಿಮೆ ಮತ್ತೆ ಬರುತ್ತದೆ, ಬಟ್ಟೆಯನ್ನು ಮತ್ತೆ ಪೊಟರೆಯಲ್ಲಿ ಇಡಬೇಕಾಗುತ್ತದೆ. ಲೂಸಿಯಾನದ ತೀರದಲ್ಲಿಯೂ ಜೂನ್ ತಿಂಗಳು ಮತ್ತೆ ಬರುತ್ತದೆ. ಅಲ್ಲಿ ಮನೆ ಕಟ್ಟುವವರು ಗಾಳಿ ಇನ್ನು ಬರುವುದಿಲ್ಲವೆಂದು ನಂಬಿ ಕಟ್ಟುವುದಿಲ್ಲ. ಬರುತ್ತದೆಂದು ತಿಳಿದು, ಕಂಬಗಳನ್ನು ಇನ್ನಷ್ಟು ಎತ್ತರಿಸಿ ಕಟ್ಟುತ್ತಾರೆ. ಕಥೆ ಬರೆಯುವವರದೂ ಅದೇ ಕೆಲಸ. ನೀಲಿ ಹಾಳೆಯ ಮಾಡಿನ ಕೆಳಗೆ ಕುಳಿತು ಯಾರಾದರೂ ತೋಳನೊಬ್ಬನನ್ನು ಮನೆಗೆ ಕರೆತರುವ ಕಥೆ ಬರೆಯುತ್ತಿದ್ದರೆ, ಅದರಲ್ಲಿ ಸಾಹಿತ್ಯವೆಷ್ಟು ಎಂದು ತೂಗಲು ಮುಂದೆ ಬೇಕಾದಷ್ಟು ಸಮಯವಿದೆ. ಸದ್ಯಕ್ಕೆ ಆ ಕೋಣೆಯ ಬಾಗಿಲನ್ನು ಮೆಲ್ಲನೆ ಮುಂದಕ್ಕೆಳೆದು, ನಾವು ಹೊರಗೆ ನಿಂತಿರುವುದು ಲೇಸು.